ಮೇಲೆ ನಿಂತ ಎಣ್ಣೆ

ಬುಧವಾರ ಮುಂಜಾನೆಯೂ ತಾಟು ಹೋದ ಹಾಗೆಯೇ ತಿರುಗಿ ಬಂತು. ಮೆತ್ತಗೆ ತಟ್ಟಿದ ಎರಡು ಜೋಳದ ರೊಟ್ಟಿ, ಹೆಸರುಬೇಳೆಯ ತೊವ್ವೆ, ಒಂದು ಹಿಡಿ ಅನ್ನ. ರೊಟ್ಟಿಯ ಅಂಚು ಒಂದಿಷ್ಟು ಮುರಿದಿತ್ತು; ಅದೂ ತಿಂದದ್ದಲ್ಲ, ಬೆರಳಲ್ಲಿ ಆಡಿಸಿ ಬಿಟ್ಟದ್ದು. ಕಸ್ತೂರಿಬಾಯಿ ತಾಟನ್ನು ಒಲೆಯ ಕಟ್ಟೆಯ ಮೇಲಿಟ್ಟಳು, ಎತ್ತಿ ಗೂಡಿನಲ್ಲಿಟ್ಟಳು, ಅಲ್ಲಿಂದ ತೆಗೆದು ಮತ್ತೆ ಕಟ್ಟೆಗೇ ತಂದಳು. ಸೋಮವಾರದಿಂದ ಅವಳ ಕೈಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ತಾಟು ಹೋಗಿ ಬಂದದ್ದು ಪಡಸಾಲೆಯ ಪಕ್ಕದ ಕೋಣೆಗೆ. ಅಲ್ಲಿ ಮಲಗಿದ್ದವಳು ರೂತ್ ಎಂಬ ಅಮೆರಿಕದ ಹುಡುಗಿ. ಶೇಂಗಾ ಬೆಳೆಯ ಎಲೆಗೆ ಚುಕ್ಕೆ ಯಾಕೆ ಬೀಳುತ್ತದೆ ಎಂದು ನೋಡುವುದಕ್ಕೆ ಹೈದರಾಬಾದಿನ ಕಡೆಯ ಒಂದು ಸಂಶೋಧನಾ ಕೇಂದ್ರದಿಂದ ಎಂಟು ತಿಂಗಳ ಹಿಂದೆ ಜೇವರ್ಗಿಗೆ ಬಂದಿದ್ದಳು. ಕಸ್ತೂರಿಬಾಯಿಯ ಗಂಡ ಮಲ್ಲಣ್ಣ ಕೃಷಿ ಇಲಾಖೆಯಲ್ಲಿ ಗುಮಾಸ್ತ. ಹುಡುಗಿಗೆ ಇರಲಿಕ್ಕೆ ಒಂದು ಒಳ್ಳೆಯ ಮನೆ ನೋಡು ಎಂದು ಸಾಹೇಬರು ಹೇಳಿದಾಗ ಮಲ್ಲಣ್ಣ ಬೇರೆಯವರ ಮನೆ ಹುಡುಕುವ ಉಸಾಬರಿ ಯಾಕೆಂದು ತನ್ನದನ್ನೇ ತೋರಿಸಿದ್ದ. ಹುಡುಗಿ ಸೈಕಲ್ ಹತ್ತಿ ಅಂದೋಲಾದ ಹೊಲಗಳಿಗೆ ಹೋಗುತ್ತಿದ್ದಳು, ಮಣ್ಣು ಮೆತ್ತಿಕೊಂಡು ಬರುತ್ತಿದ್ದಳು, ಹಾಕಿದ್ದನ್ನು ಉಣ್ಣುತ್ತಿದ್ದಳು. ಬರುಬರುತ್ತಾ ಕನ್ನಡವನ್ನೂ ಕಲಿತು ಮನೆಯೊಡತಿಯನ್ನು 'ಅಕ್ಕಾ' ಎನ್ನತೊಡಗಿದಳು. ಮಕ್ಕಳಿಲ್ಲದ ಕಸ್ತೂರಿಬಾಯಿ ಅವಳಿಗೆ 'ರೂತವ್ವ' ಎಂದು ಹೆಸರಿಟ್ಟುಬಿಟ್ಟಿದ್ದಳು.

ಆ ವರ್ಷ, ಅಂದರೆ ಎಂಬತ್ಮೂರರ ಕಾರ್ತಿಕದಲ್ಲಿ, ರೂತವ್ವನಿಗೆ ಟೈಫಾಯ್ಡ್ ಹಿಡಿಯಿತು. ಇಪ್ಪತ್ತೊಂದು ದಿನ ಕಾದು ಜ್ವರವೇನೋ ಬಿಟ್ಟಿತು. ಬಿಡುವಾಗ ಬಾಯಿರುಚಿಯನ್ನೂ ಜೊತೆಗೇ ಕರೆದುಕೊಂಡು ಹೋಯಿತು. 'ಇನ್ನ ಏನ್ ಬೇಕಾದ್ರೂ ತಿನ್ನಲಿ, ಆದ್ರ ತಿನ್ನಬೇಕು' ಎಂದು ಡಾಕ್ಟರರು ಹೇಳಿದರು. ಸೋಮವಾರದಿಂದ ಅವಳ ಹೊಟ್ಟೆಗೆ ಹೋದದ್ದು ಗ್ಲೂಕೋಸಿನ ನೀರು ಮತ್ತು ಅರ್ಧ ಲೋಟ ಹಾಲು ಮಾತ್ರ. ಹೈದರಾಬಾದಿನಿಂದ ತಂತಿ ಬಂದಿತ್ತು: ಭಾನುವಾರ ಜೀಪು ಬರುತ್ತದೆ, ಸುಧಾರಿಸದಿದ್ದರೆ ಅಲ್ಲಿಯ ಆಸ್ಪತ್ರೆಗೆ, ಅಲ್ಲಿಂದ ವಿಮಾನದಲ್ಲಿ ಅವಳ ದೇಶಕ್ಕೆ.

ಕಸ್ತೂರಿಬಾಯಿಯ ತವರು ಆಳಂದದ ಕಡೆಯ ಹಿರೋಳ್ಳಿ. ಮನೆಗೆ ಬಂದವರು ಉಂಡ ಮೇಲೆಯೇ ಮನೆಯ ಹೆಂಗಸು ಉಣ್ಣಬೇಕು ಎಂಬುದನ್ನು ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ನಡೆಯಲು ಕಲಿತ ಹಾಗೆ ಕಲಿತಿದ್ದಳು. ಹೀಗಾಗಿ ಸೋಮವಾರದಿಂದ ಅವಳೂ ಉಂಡಿರಲಿಲ್ಲ. ಚಹಾ ಮತ್ತು ಮಜ್ಜಿಗೆ ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂದು ತಾನೇ ಒಂದು ತೀರ್ಪು ಕೊಟ್ಟುಕೊಂಡು ಅದರ ಮೇಲೆಯೇ ಓಡಾಡುತ್ತಿದ್ದಳು. ಈ ಹುಡುಗಿ ಹಸಿದ ಹೊಟ್ಟೆಯಲ್ಲಿ ಜೀಪು ಹತ್ತಿದರೆ ಆಮೇಲೆ ಈ ಒಲೆ ಹೊತ್ತಿಸಿ ಏನು ಉಪಯೋಗ ಎಂಬ ಒಂದೇ ವಿಚಾರ ಅವಳನ್ನು ಕೂರಲು ಬಿಡದೆ ತಿರುಗಿಸುತ್ತಿತ್ತು.

"ಅಲ್ಲ ಬೇ, ಅಕಿ ಉಣ್ಣಲಿಲ್ಲಂತ ನೀ ಉಪಾಸ ಬಿದ್ರ ಅಕಿ ಹೊಟ್ಟಿ ತುಂಬತದೇನು?" ಎಂದ ಮಲ್ಲಣ್ಣ, ತನ್ನ ಮೂರನೆಯ ರೊಟ್ಟಿ ಮುರಿಯುತ್ತ.

"ನೀವ್ ಉಣ್ರಿ. ನಿಮಗ್ಯಾರರ ಬ್ಯಾಡ ಅಂದಾರೇನು?"

ಮಲ್ಲಣ್ಣ ನಾಲ್ಕನೆಯದನ್ನು ಕೇಳದೆ ಎದ್ದು ಕಚೇರಿಗೆ ಹೋದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಎಲ್ಲಿ ಏಳಬೇಕೆಂಬುದನ್ನು ಅವನು ಚೆನ್ನಾಗಿ ಕಲಿತಿದ್ದ.

ಕಸ್ತೂರಿಬಾಯಿ ಕೋಣೆಗೆ ಹೋಗಿ ಹಾಸಿಗೆಯ ಬದಿಗೆ ಕುಳಿತಳು. "ಖರೇ ಹೇಳು ಯವ್ವಾ. ಏನ್ ಕೊಟ್ರ ತಿಂತಿ? ನಿನ್ನ ಜೀವ ಯಾತರ ಮ್ಯಾಲದ?"

ರೂತ್ ಗೋಡೆಯ ಕಡೆ ತಿರುಗಿಕೊಂಡೇ ಬೆರಳು ತೋರಿಸಿದಳು. ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಬರುವಾಗ ಅವಳು ಅಂಥ ಆರು ಬಾಟಲಿ ತಂದಿದ್ದಳು. ದಿನಾ ಮುಂಜಾನೆ ಅದರೊಳಗಿನ ಕಂದು ಬಣ್ಣದ ಮುದ್ದೆಯನ್ನು ರೊಟ್ಟಿಗೆ ಸವರಿಕೊಂಡು ತಿನ್ನುತ್ತಿದ್ದಳು. 'ಇದೂ ಶೇಂಗಾನೇ ಅಕ್ಕಾ, ನಮ್ಮ ದೇಶದ ಶೇಂಗಾ ಬೆಣ್ಣಿ. ಸ್ಕಿಪ್ಪಿ ಅಂತಾರ' ಎಂದು ಹೇಳಿದ್ದಳು. ಐದು ಬಾಟಲಿ ಖಾಲಿಯಾಗಿ, ಕಸ್ತೂರಿಬಾಯಿ ಅವನ್ನು ತೊಳೆದು ಜೀರಿಗೆ, ಸಾಸಿವೆ ಹಾಕಿಟ್ಟಿದ್ದಳು. ಆರನೆಯದರಲ್ಲಿ ಗಾಜಿಗೆ ಅಂಟಿದ್ದು ಬಿಟ್ಟರೆ ಏನೂ ಉಳಿದಿರಲಿಲ್ಲ. ಹೈದರಾಬಾದಿನಲ್ಲಿ ಹುಡುಕಿದರೂ ಅದು ಸಿಗುವಂತಿರಲಿಲ್ಲ.

ಶೇಂಗಾ ತಾನೇ, ಎಂದುಕೊಂಡಳು ಕಸ್ತೂರಿಬಾಯಿ. ಮನೆಯಲ್ಲಿ ಹೊಸ ಶೇಂಗಾ ಒಂದು ಚೀಲ ಬಿದ್ದಿತ್ತು. ಶೇಂಗಾ ಹಿಂಡಿ ಕುಟ್ಟುವುದರಲ್ಲಿ ಅವಳನ್ನು ಸರಿಗಟ್ಟುವವರು ಜೇವರ್ಗಿಯಲ್ಲಿ ಯಾರೂ ಇರಲಿಲ್ಲ. ಇದು ಅವಳೇ ಹೇಳುತ್ತಿದ್ದ ಮಾತಾದರೂ ಸುಳ್ಳೇನಲ್ಲ. ಹಂಚಿನ ಮೇಲೆ ಕಾಳು ಹುರಿದು, ಸಿಪ್ಪೆ ತಿಕ್ಕಿ ಕೇರಿ, ಒಳಕಲ್ಲಿನಲ್ಲಿ ಹಾಕಿ ಕುಟ್ಟಿದಳು. ಕುಟ್ಟುವಾಗ ಕೈ ತಾನಾಗಿಯೇ ಬೆಳ್ಳುಳ್ಳಿ ತೆಗೆದುಕೊಂಡಿತು, ಒಣಮೆಣಸಿನಕಾಯಿ ತೆಗೆದುಕೊಂಡಿತು. ಖಾರವಿಲ್ಲದ ಶೇಂಗಾ ಹಿಂಡಿ ಎಂಬುದೊಂದು ಲೋಕದಲ್ಲಿ ಇರಬಹುದು ಎಂಬುದು ಅವಳ ತಲೆಗೆ ಬರಲೇ ಇಲ್ಲ. ಕೆಟ್ಟ ಬಾಯಿಗೆ ಖಾರ ಬಿದ್ದರೆ ರುಚಿ ತಿರುಗಿ ಬರುತ್ತದೆ ಎಂಬ ನಂಬಿಕೆ ಬೇರೆ.

ರೂತ್ ಬೆರಳ ತುದಿಯಷ್ಟು ಬಾಯಿಗಿಟ್ಟುಕೊಂಡಳು. ಆಮೇಲೆ ಎರಡು ಚೊಂಬು ನೀರು ಕುಡಿದಳು. ಸೋಮವಾರದಿಂದ ಅವಳ ಹೊಟ್ಟೆಗೆ ಒಮ್ಮೆಲೇ ಅಷ್ಟು ಹೋದದ್ದು ಅದೇ ಮೊದಲು ಎಂಬುದಷ್ಟೇ ಸಮಾಧಾನ.

ಬಾಟಲಿಗೆ ಅಂಟಿದ್ದನ್ನು ಒಮ್ಮೆ ರುಚಿ ನೋಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಮನೆಯಲ್ಲಿ ಅಡುಗೆ ಮಾಡುವಾಗ ರುಚಿ ನೋಡುವ ಪದ್ಧತಿಯೇ ಇರಲಿಲ್ಲ. ಉಪ್ಪು ಅಂಗೈ ಅಳತೆಯಲ್ಲಿ ಬೀಳುತ್ತಿತ್ತು, ಪಾಕ ಮೂಗಿಗೆ ಗೊತ್ತಾಗುತ್ತಿತ್ತು. ಎಡಗೈಯಲ್ಲಿ ಕೊರಳ ಲಿಂಗ ಹಿಡಿದು, ಅದಕ್ಕೆ ತೋರಿಸಿ, ಆಮೇಲೆ ಏನಿದ್ದರೂ ಬಾಯಿಗೆ. ಆ ಬಾಟಲಿಯಲ್ಲಿ ಏನೇನು ಕೂಡಿಸಿದ್ದಾರೋ ಯಾರಿಗೆ ಗೊತ್ತು? ಗೊತ್ತಿಲ್ಲದ್ದನ್ನು ಲಿಂಗಕ್ಕೆ ತೋರಿಸುವುದು ಹೇಗೆ? ತಾನು ಎಂದೂ ಬಾಯಿಗಿಡಲಾಗದ ಒಂದು ಪದಾರ್ಥವನ್ನು ಹಾಗೆಯೇ ಮಾಡಿಕೊಡುವ ಹಟಕ್ಕೆ ಅವಳು ಬಿದ್ದಿದ್ದಳು. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಜಾರಿಗೆ ಹೊರಟಳು.

ಸಲಾವುದ್ದೀನನ ಕಿರಾಣಿ ಅಂಗಡಿ ಮಸೀದಿಯ ಬಾಜು. ಬೆಲ್ಲ, ಕಾಳು, ಚಹಾಪುಡಿ ಎಲ್ಲವನ್ನೂ ಬಾಯಿಗೆ ಹಾಕಿಯೇ ಬೆಲೆ ಹೇಳುವವನು ಅವನು.

"ಸಲಾವುದ್ದೀನ್ ಭಾಯಿ, ಇದರಾಗ ಏನದ ನೋಡಿ ಹೇಳ್ರಿ. ನಾ ತಿನ್ನೂ ಹಾಂಗಿಲ್ಲ."

ಅವನು ಬಾಟಲಿಯನ್ನು ಬೆಳಕಿಗೆ ಹಿಡಿದ, ಮೂಸಿದ, ಬೆರಳು ಸುತ್ತಿ ನೆಕ್ಕಿದ, ಕಣ್ಣು ಮುಚ್ಚಿದ. "ಶೇಂಗಾನೇ ಅದರಿ ಬಾಯಾರ. ಉಪ್ಪದ. ಸಕ್ರಿನೂ ಅದ, ಆದ್ರ ಭಾಳಿಲ್ಲ. ಖಾರ ಇಲ್ಲ, ಬಳ್ಳೊಳ್ಳಿ ಇಲ್ಲ. ಅಂಗುಳಕ್ಕ ಹೋಗಿ ಅಂಟಿಕೊಂಡು ಕುಂದರ್ತದ."

"ಸಕ್ರಿ ಮತ್ತ ಉಪ್ಪು ಕೂಡೇ?"

"ಅವರ ದೇಶ, ಅವರ ಬಾಯಿ. ನಾವ್ಯಾಕ ಕೇಳಬೇಕ್ರಿ?"

ಗುರುವಾರ ನಸುಕಿನಲ್ಲೇ ಎದ್ದು ಮತ್ತೆ ಹುರಿದಳು. ಈ ಸಲ ಖಾರದ ಡಬ್ಬಿಯನ್ನು ಕೈಗೆ ಸಿಗದ ಹಾಗೆ ಮೇಲೆತ್ತಿ ಇಟ್ಟಳು. ಕುಟ್ಟಿದ್ದನ್ನು ರುಬ್ಬಿದಳು, ರುಬ್ಬಿದ್ದನ್ನು ಮತ್ತೆ ರುಬ್ಬಿದಳು. ಉಪ್ಪು ಒಂದು ಚಿಟಿಕೆ, ಸಕ್ಕರೆ ಎರಡು. ಹಸಿದ ಮೈಯಲ್ಲಿ ಗುಂಡು ತಿರುಗಿಸುವಾಗ ಕಣ್ಣಿಗೆ ಕತ್ತಲು ಬಂದು, ಎದ್ದು ಒಂದು ಲೋಟ ಮಜ್ಜಿಗೆ ಕುಡಿದು ಮತ್ತೆ ಕೂತಳು. ಹೊತ್ತೇರುವ ಹೊತ್ತಿಗೆ ಒಳಕಲ್ಲಿನಲ್ಲಿ ಕೆನೆಯಂಥ ಕಂದು ಮುದ್ದೆ ಮಿರಿಮಿರಿ ಮಿಂಚುತ್ತಿತ್ತು. ತೊಳೆದ ಬಾಟಲಿಗೆ ತುಂಬಿ, ಮಧ್ಯಾಹ್ನದ ಊಟಕ್ಕೆ ಕೊಟ್ಟರಾಯಿತೆಂದು ಗೂಡಿನಲ್ಲಿಟ್ಟು ಸ್ನಾನಕ್ಕೆ ಹೋದಳು.

ಪೂಜೆ ಮುಗಿಸಿ ಬಂದು ನೋಡಿದರೆ ಮೇಲೆ ಒಂದು ಬೆರಳು ಎಣ್ಣೆ ನಿಂತಿತ್ತು, ಕೆಳಗೆ ಮುದ್ದೆ ಕೂತಿತ್ತು.

ಕಲಸಿದಳು. ಕಲಸಿದಾಗ ಕೂಡಿಕೊಂಡದ್ದು ಸ್ವಲ್ಪ ಹೊತ್ತಿಗೆ ಮತ್ತೆ ಬೇರೆಯಾಯಿತು. ರೂತವ್ವನ ಬಾಟಲಿ ಎಂಟು ತಿಂಗಳು ಕಿಟಕಿಯ ಬಿಸಿಲಿನಲ್ಲಿದ್ದರೂ ಅದರಲ್ಲಿ ಒಂದು ಹನಿ ಎಣ್ಣೆ ಮೇಲೆ ಬಂದದ್ದನ್ನು ಅವಳು ಕಂಡಿರಲಿಲ್ಲ. ಹಾಗಾದರೆ ಇದು ಒಡೆದಿದೆ. ಹಾಲು ಒಡೆದರೆ ನೀರು ಒಂದು ಕಡೆ, ಗಡ್ಡೆ ಒಂದು ಕಡೆ ಆಗುತ್ತದಲ್ಲ, ಹಾಗೆ. ಒಡೆದದ್ದನ್ನು ಯಾರಾದರೂ ಬಂದವರ ಮುಂದೆ ಇಡುತ್ತಾರೆಯೇ? ಅದೂ ಜಡ್ಡಿನಿಂದ ಎದ್ದವರ ಮುಂದೆ? ಬಾಟಲಿಯ ಬಾಯಿ ಬಿಗಿದು ಗೂಡಿನ ಮೇಲ್ತುದಿಗೆ, ಯಾರ ಕಣ್ಣಿಗೂ ಬೀಳದ ಮೂಲೆಗೆ ತಳ್ಳಿದಳು. ಆ ಮಧ್ಯಾಹ್ನದ ತಾಟೂ ಹೋದ ಹಾಗೆಯೇ ಬಂತು.

ಶುಕ್ರವಾರ ಇನ್ನೊಂದು ಸಲ ರುಬ್ಬಿ, ಎಣ್ಣೆ ಮೇಲೆ ಬಂದ ಹಾಗೆಲ್ಲ ಬಸಿದು ತೆಗೆದಳು. ಉಳಿದದ್ದು ಸಂಜೆಯೊಳಗೆ ಗೋಡೆಗೆ ಮೆತ್ತುವ ಹಾಗಾಯಿತು. ಚಮಚ ನಿಲ್ಲಿಸಿದರೆ ನಿಂತೇ ಇರುತ್ತಿತ್ತು. ಕಸ್ತೂರಿಬಾಯಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಹಿತ್ತಲಿಗೂ ಬಾಗಿಲಿಗೂ ನಡುವೆ ಓಡಾಡಿದಳು. ಕೊನೆಗೆ ಚಪ್ಪಲಿ ಮೆಟ್ಟಿ ಮತ್ತೆ ಬಜಾರಿಗೆ ನಡೆದಳು.

ಸಲಾವುದ್ದೀನ ಎಲ್ಲ ಕೇಳಿಸಿಕೊಂಡು ಗಡ್ಡ ತುರಿಸಿಕೊಂಡ. "ಒಂದ್ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಎಣ್ಣಿ ತೆಳ್ಳಗಿದ್ರ ಮ್ಯಾಲ ಬರ್ತದ. ಗಟ್ಟಿ ಮಾಡಿದ್ರ ಎಲ್ಲಿಗ್ ಹೋಗ್ತದ? ಎರಡು ಚಮಚ ವನಸ್ಪತಿ ತುಪ್ಪ ಕಾಸಿ ಹಾಕಿ ನೋಡ್ರಿ."

ಕಸ್ತೂರಿಬಾಯಿ ಎರಡು ಹೆಜ್ಜೆ ಹಿಂದೆ ಸರಿದಳು. ಆ ಚಳಿಗಾಲದಲ್ಲಿ ವನಸ್ಪತಿಯ ಹೆಸರು ಎತ್ತಿದರೆ ಜನ ಮುಖ ಕಿವುಚುತ್ತಿದ್ದರು. ಅದರಲ್ಲಿ ದನದ ಕೊಬ್ಬು ಕೂಡಿಸುತ್ತಾರಂತೆ ಎಂಬ ಸುದ್ದಿ ಊರೂರು ತಿರುಗುತ್ತಿತ್ತು. ಮೊದಲೇ ಅವಳು ಅದನ್ನು ಮನೆಯೊಳಗೆ ತಂದವಳಲ್ಲ. ಈಗಂತೂ ಡಬ್ಬಿಯ ನೆರಳೂ ಬೇಡವಾಗಿತ್ತು.

"ನಮ್ಮ ಮನಿಯಾಗ ಅದು ಬರಂಗಿಲ್ಲ, ಭಾಯಿ."

"ಗೊತ್ತದರಿ. ನಿಮಗಂತ ಹೇಳಲಿಲ್ಲ. ಆ ಕೂಸಿಗಂತ ಹೇಳಿದೆ."

ಮನೆಯ ದಾರಿ ಅರ್ಧ ನಡೆದಳು. ನಾಳೆ ಶನಿವಾರ, ನಾಡಿದ್ದು ಜೀಪು. ಮುಂಜಾನೆ ತಾನು ಎತ್ತಿ ಕೂರಿಸಿದಾಗ ಹುಡುಗಿಯ ತೋಳು ಕೈಗೆ ಹತ್ತಿದ್ದು ನೆನಪಾಯಿತು, ಲಟ್ಟಣಿಗೆಗಿಂತ ತೆಳ್ಳಗೆ. ನಿಂತಳು, ತಿರುಗಿದಳು. ಸಲಾವುದ್ದೀನ ಕಾಗದದಲ್ಲಿ ಒಂದು ಮುದ್ದೆ ಕಟ್ಟಿಕೊಟ್ಟ. ಅವಳು ಅದನ್ನು ಸೆರಗಿನ ತುದಿಯಲ್ಲಿ ಮೈಯಿಂದ ದೂರ ಹಿಡಿದುಕೊಂಡು ಮನೆ ಮುಟ್ಟಿದಳು.

ಶನಿವಾರ ಮುಂಜಾನೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ದನಕ್ಕೆ ನುಚ್ಚು ಕುದಿಸುವ ಹಳೆಯ ಪಾತ್ರೆಯಲ್ಲಿ ವನಸ್ಪತಿ ಕಾಸಿದಳು. ರುಬ್ಬಿಟ್ಟ ಶೇಂಗಾಕ್ಕೆ ಬೆರೆಸಿ, ಉಪ್ಪು ಸಕ್ಕರೆ ಹಾಕಿ, ಕೈ ಸೋಲುವವರೆಗೆ ತಿರುವಿದಳು. ಬಾಟಲಿಗೆ ತುಂಬಿಟ್ಟು ತಲೆಯ ಮೇಲೆ ನೀರು ಹಾಕಿಕೊಂಡು ಬಂದಳು. ಬಂದು ನೋಡಿದರೆ ಎಣ್ಣೆ ಬಂದಿರಲಿಲ್ಲ. ಪೂಜೆ ಮುಗಿಸಿ ನೋಡಿದಳು, ಬಂದಿರಲಿಲ್ಲ. ಕಸ ಹೊಡೆದು, ನೀರು ತಂದು, ರೊಟ್ಟಿ ಬಡಿದು, ಮತ್ತೆ ನೋಡಿದಳು. ಮುದ್ದೆ ನುಣ್ಣಗೆ, ಮಟ್ಟಸವಾಗಿ, ಥೇಟ್ ಅಮೆರಿಕದ್ದರ ಹಾಗೆಯೇ ಕೂತಿತ್ತು.

ಗೆದ್ದೆ ಎಂದು ಕುಣಿಯಬೇಕಾಗಿತ್ತು. ಆದರೆ ಮನಸ್ಸು ಒಪ್ಪಲಿಲ್ಲ. ತಾನು ಉಣ್ಣದ್ದನ್ನು ಇನ್ನೊಬ್ಬರ ತಾಟಿಗೆ ಬಡಿಸಿದ ಹೆಂಗಸಲ್ಲ ಅವಳು. ಹೊಲದ ಆಳಿಗಾಗಲಿ ಬೀಗರಿಗಾಗಲಿ ಒಂದೇ ಗಡಿಗೆಯದು ಹೋಗುತ್ತಿತ್ತು. ಈಗ ಮಗಳ ಹಾಗೆ ಇಟ್ಟುಕೊಂಡ ಹುಡುಗಿಗೆ, ತಾನು ಮೂಸಿಯೂ ನೋಡದ್ದನ್ನು ಬಡಿಸಲು ಹೊರಟಿದ್ದಳು. ನಾಚಿಕೆಯಾಯಿತು. ಅದನ್ನು ನುಂಗಿಕೊಂಡು ಬಿಸಿ ರೊಟ್ಟಿ ಮತ್ತು ಬಾಟಲಿ ಹಿಡಿದು ಕೋಣೆಗೆ ಹೋದಳು.

ರೂತ್ ಎದ್ದು ಗೋಡೆಗೆ ಒರಗಿ ಕೂತಿದ್ದಳು. ಬಾಟಲಿ ಕಂಡು ಅವಳ ಕಣ್ಣು ಅಗಲವಾಯಿತು. ಬೆರಳು ಅದ್ದಿದಳು, ಬಾಯಿಯ ಹತ್ತಿರ ಒಯ್ದಳು, ಅಲ್ಲಿಯೇ ನಿಲ್ಲಿಸಿದಳು.

"ಅಕ್ಕಾ, ನೀವು ಯಾವಾಗ ಉಂಡೀರಿ?"

"ಆತು ತೊಗೊ, ಅದೆಲ್ಲಾ ನಿನಗ್ಯಾಕ? ತಿನ್ನು."

"ಮಲ್ಲಣ್ಣನವರು ಹೇಳ್ಯಾರ. ಸೋಮವಾರದಿಂದ ನೀವು ಉಂಡಿಲ್ಲ. ನಾ ಉಣ್ಣಲಿಲ್ಲಂತ ನೀವು ಉಂಡಿಲ್ಲ."

ಕಸ್ತೂರಿಬಾಯಿ ಬಾಗಿಲ ಕಡೆ ನೋಡಿದಳು. ಮಲ್ಲಣ್ಣ ಶನಿವಾರದ ಅರ್ಧ ದಿನದ ಕಚೇರಿಗೆ ಅಷ್ಟು ಲಗುಬಗೆಯಿಂದ ಯಾಕೆ ಹೋದನೆಂಬುದು ಈಗ ತಿಳಿಯಿತು.

"ನೀವು ಉಂಡ್ರ ನಾ ತಿಂತೀನಿ" ಎಂದಳು ರೂತ್. ದನಿ ಸಣ್ಣದಾಗಿತ್ತು, ಆದರೆ ಅಲುಗಾಡುವ ಹಾಗಿರಲಿಲ್ಲ. "ಇಬ್ಬರೂ ಕೂಡೇ. ಇದೇ ಬಾಟಲಿದು."

ಹೀಗಾಗುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ತನ್ನ ಮನೆಯ ಪದ್ಧತಿಯನ್ನೇ ಹುಡುಗಿ ತಿರುವಿ ತನ್ನ ಮುಂದಿಟ್ಟಿದ್ದಳು. ಒಂದು ತುತ್ತು ತಿಂದುಬಿಡು ಎಂದಿತು ಒಂದು ಮನಸ್ಸು. ಕೂಸಿನ ಜೀವಕ್ಕಿಂತ ದೊಡ್ಡದೇನಿದೆ? ಕೈ ಕತ್ತಿನ ಲಿಂಗದ ಕಡೆಗೆ ಹೋಯಿತು, ಹೋಗಿ ನಿಂತಿತು. ಇದನ್ನು ಅದಕ್ಕೆ ತೋರಿಸಲಾರಳು, ತೋರಿಸದೆ ತಿನ್ನಲಾರಳು.

"ನಾ ಇದನ್ನ ತಿನ್ನೂ ಹಾಂಗಿಲ್ಲ ಯವ್ವಾ" ಎಂದಳು. "ಇದರಾಗ ವನಸ್ಪತಿ ಹಾಕೇನಿ. ನಮ್ಮ ಮನಿಗೆ ಅದು ನಡಿಯಂಗಿಲ್ಲ. ನೀ ತಿಂದರ ಸಾಕಂತ ಹಾಕಿದೆ. ನಾ ಉಣ್ಣದ್ದು ನಿನಗ ಉಣಸಾಕ ಬಂದೆ, ತಪ್ಪಾತು." ಅಷ್ಟು ಹೇಳುವುದರೊಳಗೆ ಐದು ದಿನ ಕಟ್ಟಿಹಿಡಿದದ್ದೆಲ್ಲ ಕಣ್ಣಿನಿಂದ ಇಳಿಯಿತು.

ರೂತ್ ಬೆರಳು ಒರೆಸಿಕೊಂಡಳು. "ವನಸ್ಪತಿ ಯಾಕ ಹಾಕಿದ್ರಿ?"

"ಸಲಾವುದ್ದೀನ್ ಭಾಯಿ ಹಾಕ್ರಿ ಅಂದ್ರು. ಹಾಕದಿದ್ರ ಒಡೀತದ. ನಿನ್ನ ಬಾಟಲಿ ಹಾಂಗ ಆಗೂದಿಲ್ಲ. ಎಣ್ಣಿ ಮ್ಯಾಲ ಬಂದು ನಿಂದರ್ತದ."

"ಅದು ಎಲ್ಲದ?"

"ಯಾವದು?"

"ಎಣ್ಣಿ ಮ್ಯಾಲ ಬಂದದ್ದು."

ಒಲ್ಲದ ಮನಸ್ಸಿನಿಂದ ಕಸ್ತೂರಿಬಾಯಿ ಅಡುಗೆಮನೆಗೆ ಹೋಗಿ, ಮಣೆ ಹತ್ತಿ, ಗೂಡಿನ ಮೂಲೆಯಿಂದ ಗುರುವಾರದ ಬಾಟಲಿ ತಂದಳು. ಎಣ್ಣೆ ಈಗ ಎರಡು ಬೆರಳು ನಿಂತಿತ್ತು, ತಿಳಿಯಾಗಿ, ಬಂಗಾರದ ಬಣ್ಣದಲ್ಲಿ. ರೂತ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ನಮ್ಮಜ್ಜಿ ಮಾಡತಿದ್ದದ್ದು ಹಿಂಗೇ ಇರ್ತಿತ್ತು" ಎಂದಳು.

ಆಮೇಲೆ ತಡವರಿಸುತ್ತ, ಶಬ್ದ ಸಿಗದಲ್ಲಿ ಕೈ ಆಡಿಸುತ್ತ ಹೇಳಿದಳು. ಅವಳ ಅಜ್ಜಿ ಸಣ್ಣವಳಿದ್ದಾಗ ಅಲ್ಲಿಯೂ ಎಲ್ಲ ಶೇಂಗಾ ಬೆಣ್ಣೆಯ ಮೇಲೆ ಎಣ್ಣೆ ನಿಲ್ಲುತ್ತಿತ್ತು. ಅಂಗಡಿಯವನು ದೊಡ್ಡ ಡಬ್ಬಿಗೆ ಕಟ್ಟಿಗೆಯ ಹುಟ್ಟು ಹಾಕಿ ಕಲಸಿ ಕಲಸಿ ಕೊಡುತ್ತಿದ್ದ. ಐವತ್ತು ಅರವತ್ತು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಒಬ್ಬಾತ ಎಣ್ಣೆಯನ್ನು ಗಟ್ಟಿ ಮಾಡಿ ಕೂಡಿಸಿ, ಬೆಣ್ಣೆ ಕಡೆದ ಹಾಗೆ ಕಡೆದು, ಅದು ಬೇರೆಯಾಗದಂತೆ ಮಾಡಿದ. ಮುಂದೆ ಅದೇ ಸ್ಕಿಪ್ಪಿಯಾಗಿ ದೇಶದ ತುಂಬ ಮಾರಿತು. "ನಿಮ್ಮ ಸಲಾವುದ್ದೀನ್ ಭಾಯಿ ಹೇಳಿದ್ದೂ ಅದೇ ರೀತಿ" ಎಂದು ನಕ್ಕಳು. ಅಜ್ಜಿ ಮಾತ್ರ ಮನೆಯಲ್ಲೇ ರುಬ್ಬುತ್ತಿದ್ದಳಂತೆ. ಎಣ್ಣೆ ಕಲಸುವ ಕೆಲಸ ಮೊಮ್ಮಗಳದು. ಅಜ್ಜಿ ತೀರಿದ ಮೇಲೆ ಅಂಗಡಿಯದೇ ಗತಿಯಾಯಿತು.

"ಒಡದಿಲ್ಲೇನು ಹಂಗಾರ?" ಎಂದಳು ಕಸ್ತೂರಿಬಾಯಿ.

"ಇಲ್ಲಕ್ಕಾ. ಚಮಚ ಕೊಡ್ರಿ."

ರೂತ್ ಚಮಚದ ಹಿಡಿಕೆಯನ್ನು ಬಾಟಲಿಯ ತಳದವರೆಗೆ ಇಳಿಸಿ ನಿಧಾನವಾಗಿ ತಿರುವಿದಳು. ಒಂದು ಹನಿ ಹೊರಗೆ ಚೆಲ್ಲಲಿಲ್ಲ, ಕೈಗೆ ಅಭ್ಯಾಸವಿತ್ತು. ಎಣ್ಣೆ ಒಳಗೆ ಹೋಗಿ ಮುದ್ದೆ ಮೆತ್ತಗಾಯಿತು. ರೊಟ್ಟಿಗೆ ಸವರಿ ಎರಡು ಪಾಲು ಮಾಡಿ, ಒಂದನ್ನು ಕಸ್ತೂರಿಬಾಯಿಯ ಮುಂದಿಟ್ಟು ಕಾಯುತ್ತ ಕುಳಿತಳು.

ಕಸ್ತೂರಿಬಾಯಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಇದರಲ್ಲಿ ಏನೇನಿದೆ ಎಂದು ಅವಳಿಗೆ ಕಾಳು ಕಾಳಾಗಿ ಗೊತ್ತಿತ್ತು. ತೋರಿಸಿ, ಕಣ್ಣಿಗೊತ್ತಿಕೊಂಡು, ತುತ್ತು ಬಾಯಿಗಿಟ್ಟಳು. ಎದುರಿಗೆ ರೂತ್ ಕೂಡ ಇಟ್ಟುಕೊಂಡಳು. ಇಬ್ಬರ ಬಾಯಿಯೂ ಅಂಟಿಕೊಂಡಿತು. ರೂತ್ ಎರಡನೆಯ ತುತ್ತು ಮುರಿದಳು, ಮೂರನೆಯದನ್ನು ಮುರಿದಳು. ಕಸ್ತೂರಿಬಾಯಿ ಮಾತ್ರ ಮೊದಲನೆಯದನ್ನೇ ಬಾಯಲ್ಲಿಟ್ಟುಕೊಂಡು, ಅವಳು ತಿನ್ನುವುದನ್ನು ನೋಡುತ್ತ ಕೂತಳು.

"ಹ್ಯಾಂಗದ ಅಕ್ಕಾ?"

"ಖಾರಿಲ್ಲದ್ದು ಹ್ಯಾಂಗ ತಿಂತೀರೋ ನಮ್ಮವ್ವ" ಎಂದು ಕಣ್ಣೊರೆಸಿಕೊಳ್ಳುತ್ತ ಅವಳು ಎದ್ದು, ಬುಧವಾರದ ಕೆಂಪು ಹಿಂಡಿಯನ್ನು ತಂದು ತನ್ನ ಪಾಲಿನ ಬದಿಗೆ ಹಾಕಿಕೊಂಡಳು. ಆ ಹೊತ್ತು ಕೋಣೆಯಿಂದ ಹೊರಗೆ ಬಂದ ತಾಟಿನಲ್ಲಿ ರೊಟ್ಟಿಯ ಚೂರೂ ಉಳಿದಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಜೀಪು ಬಂತು. ಡ್ರೈವರ್ ವಿಠ್ಠಲ ಎಂಬುವನು, ನಸುಕಿನಲ್ಲೇ ಹೈದರಾಬಾದು ಬಿಟ್ಟವನು, ಪೇಷಂಟು ಎಲ್ಲಿ ಎಂದು ಅವಸರ ಮಾಡಿದ. ಪೇಷಂಟು ಹಿತ್ತಲ ಬಿಸಿಲಿನಲ್ಲಿ ಮೊರ ಇಟ್ಟುಕೊಂಡು ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ ಕುಳಿತಿದ್ದಳು. ತಾನು ಬರುವುದಿಲ್ಲ, ಅಂದೋಲಾದ ಹೊಲದ ಕೆಲಸ ಬಾಕಿ ಇದೆ ಎಂದು ಅಲ್ಲಿಂದಲೇ ಹೇಳಿಬಿಟ್ಟಳು. ಹಾಗಾದರೆ ನಾನು ಹೊರಟೆ ಎಂದು ವಿಠ್ಠಲ ಹೊಸ್ತಿಲ ಹೊರಗೆ ನಿಂತೇ ಜೀಪಿನ ಕಡೆ ತಿರುಗಿದ.

"ಎಲ್ಲಿ ಹೊಂಟ್ರಿ?" ಎಂದಳು ಕಸ್ತೂರಿಬಾಯಿ. "ಕೈಕಾಲು ತೊಳಕೊಂಡು ಒಳಗ ಬರ್ರಿ. ನೀವು ಉಂಡ ಮ್ಯಾಲ ನಾ ಉಣ್ಣಾಕಿ."